ಬೆರಳಿಗೆ ಸಿಗಿಸುವ ಯಂತ್ರ
ಬೆಳಕು, ಶಾಖ ಮುಂತಾದವನ್ನು ಗುರುತಿಸುವ ಸಾಧನವೇ ಸೆನ್ಸರ್. ನಾನು ಪಲ್ಸ್ ಆಕ್ಸಿಮೀಟರಿನ ಬಗ್ಗೆ ಬರೆದೀನಿ. 2020-21ರ ಕೊರೋನಾದಾಗ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಆಶಾ ಅಕ್ಕಂದಿರು ಬೆರಳಿಗೆ ಸಿಗಿಸುತ್ತಿದ್ದರಲ್ಲ, ಅದೇ.

ಅದರ ಒಂದು ಬದಿಯಿಂದ ಕೆಂಪು ಹಾಗೂ ಅವಗೆಂಪು ಬೆಳಕು ಬೆರಳಿನೊಳಗೆ ಹೋಗುತ್ತದೆ. ದಾಟಿ ಬಂದ ಬೆಳಕನ್ನು ಎದುರಿನ ಸೆನ್ಸರ್ ಅಳೆಯುತ್ತದೆ. ಆಮ್ಲಜನಕ ಕಡಿಮೆಯಾದ ರಕ್ತ ಕೆಂಪು ಬೆಳಕನ್ನು ಹೆಚ್ಚು ಹೀರುತ್ತದೆ. ಇದರಿಂದ ಯಂತ್ರ ಲೆಕ್ಕ ಹಾಕುತ್ತದೆ.

ಆರೋಗ್ಯವಂತರಿಗೆ ಸಾಮಾನ್ಯವಾಗಿ 95ರಿಂದ 100 ಇರುತ್ತದೆ. ಕೊರೋನಾದಲ್ಲಿ ಕೆಲವರಿಗೆ ದಮ್ಮು ಹತ್ತದೆಯೇ ಆಮ್ಲಜನಕ ಇಳಿಯುತ್ತಿತ್ತು. ಅದಕ್ಕೇ ರೋಗಿ "ಅರಾಮ ಅದೀನಿ" ಅಂದರೂ ಅಳೆದು ನೋಡಬೇಕು. ಉಗುರಿಗೆ ಬಣ್ಣ ಇದ್ದರೆ, ಬೆರಳು ತಣ್ಣಗಿದ್ದರೆ ಅಂಕಿ ತಪ್ಪಬಹುದು. ಬಣ್ಣ ತೆಗೆದು, ಕೈ ಬೆಚ್ಚಗೆ ಮಾಡಿ ಮತ್ತೆ ನೋಡಿರಿ. ಆಗಲೂ 94ಕ್ಕಿಂತ ಕಡಿಮೆ ಬಂದರೆ ದವಾಖಾನೆಗೆ ಹೋಗಬೇಕು. ಅಂಕಿ ಸರಿ ಇದ್ದರೂ ದಮ್ಮು ಹತ್ತಿದರೆ ಯಂತ್ರ ನಂಬಿ ಕೂಡಬಾರದು.