ಸೋಲಾರ್ ದುಡ್ಡು ಕೈಯಲ್ಲಿ ಯಾಕೆ ನಿಲ್ಲುತ್ತಿಲ್ಲ?

ಪ್ರಶ್ನೆ: ಪಾವಗಡ ತಾಲ್ಲೂಕಿನ ತಿರುಮಣಿ ಕಡೆಯವರು ನಾವು. ಐದು ಎಕರೆ ಜಮೀನನ್ನು ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟಿದ್ದೇವೆ. ವರ್ಷಕ್ಕೊಮ್ಮೆ ಲಕ್ಷದ ಮೇಲೆ ಬರುತ್ತದೆ, ಮೂರು ತಿಂಗಳಿಗೆ ಖಾಲಿಯಾಗುತ್ತದೆ. ಮಧುಗಿರಿಯ ಪರಿಚಯದವರು ಚೀಟಿ ಹಾಕಿ ಅನ್ನುತ್ತಾರೆ. ಶಿರಾದ ಭಾವ ಸಾಲ ಮಾಡಿಯಾದರೂ ಸೈಟು ತಗೋ ಅನ್ನುತ್ತಾನೆ. ಕೊರಟಗೆರೆಯಲ್ಲಿ ಕೆಲಸಕ್ಕಿರುವ ಮಗ ಮ್ಯೂಚುವಲ್ ಫಂಡ್ ಅನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪತ್ರ ಓದಿದಾಗ ನನಗೆ ನಮ್ಮಜ್ಜಿಯ ಮನೆಯ ಮೂಲೆಯಲ್ಲಿದ್ದ, ಕಾಳು ತುಂಬಿಡುವ ಮಣ್ಣಿನ ವಾಡೆ ಕಣ್ಣಿಗೆ ಬಂತು. ಕಡಲೆಕಾಯಿ ಕಿತ್ತು, ಒಣಗಿಸಿ, ಅಂಗಳಕ್ಕೆ ತಂದ ದಿನವೇ ಅಜ್ಜಿ ಒಳ್ಳೆಯ ಕಾಯಿ ಆರಿಸಿ ಬೇವಿನ ಸೊಪ್ಪಿನ ಜೊತೆ ಆ ವಾಡೆಗೆ ತುಂಬಿ, ಬಾಯಿಗೆ ಸಗಣಿ ಮೆತ್ತುತ್ತಿದ್ದಳು. ವ್ಯಾಪಾರಿ ಬರುವುದು ಆಮೇಲೆ. ಅಂಗಡಿ ಬಾಕಿ, ಜಾತ್ರೆ ಬಟ್ಟೆ ಎಲ್ಲವೂ ಆಮೇಲೆ. ಮುಂದಿನ ಮುಂಗಾರಿನವರೆಗೆ, ಎಂಥ ಕಷ್ಟ ಬಂದರೂ, ಆ ಬಾಯಿ ಒಡೆಯುವ ಹಾಗಿರಲಿಲ್ಲ. ಮಳೆ ಬಿದ್ದ ಮೇಲೆ ಓಣಿಯ ಹೆಂಗಸರೆಲ್ಲ ಸುತ್ತ ಕೂತು ಬಿತ್ತನೆಗೆ ಬೀಜ ಬಿಡಿಸುತ್ತಿದ್ದರು.

ನಿಮ್ಮ ಮನೆಯಲ್ಲೂ ಈ ಅಭ್ಯಾಸ ಇದ್ದೇ ಇತ್ತು. ಜಮೀನಿನ ಮೇಲೆ ಫಲಕ ಬಂದ ಮೇಲೆ ಬಿತ್ತನೆ ನಿಂತಿತು, ಬೀಜ ಎತ್ತಿಡುವುದೂ ನಿಂತಿತು. ದುಡ್ಡು ನಿಲ್ಲದಿರುವುದಕ್ಕೆ ನನಗೆ ಕಾಣುವ ಕಾರಣ ಇದೇ. ನೀವು ದುಂದುಗಾರರೆಂದು ನಾನು ಒಪ್ಪುವುದಿಲ್ಲ. ಬರದ ಸೀಮೆಯಲ್ಲಿ ಸಂಸಾರ ನಡೆಸಿದವರಿಗೆ ಮಿತವ್ಯಯವನ್ನು ಯಾರೂ ಹೇಳಿಕೊಡಬೇಕಿಲ್ಲ.

ಗುತ್ತಿಗೆಯ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡಿ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದೂರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಪಾರ್ಕ್ ಎದ್ದಿದೆ. ಶುರುವಿನ ಗುತ್ತಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಕೇಳಲು ಚೆನ್ನಾಗಿದೆ. ಆದರೆ ಈ ಲೆಕ್ಕದಲ್ಲಿ 21,000 ರೂಪಾಯಿ 24 ವರ್ಷದ ಮೇಲೆ ಸುಮಾರು 37,700 ಆಗುತ್ತದೆ. ಬೆಲೆ ಏರಿಕೆಗೆ ರಿಸರ್ವ್ ಬ್ಯಾಂಕಿನ ಗುರಿಯೇ ವರ್ಷಕ್ಕೆ ಶೇ 4. ಅಷ್ಟೇ ಏರಿದರೂ ಮೊದಲು 21,000ಕ್ಕೆ ಸಿಗುತ್ತಿದ್ದ ಸಾಮಾನಿಗೆ ಆಗ 53,800 ಬೇಕು. ಅಂದರೆ ಬಾಡಿಗೆ ಬೆಳೆಯುತ್ತಿದ್ದರೂ ಅದರ ಕೊಳ್ಳುವ ಶಕ್ತಿ ವರ್ಷ ವರ್ಷ ಸವೆಯುತ್ತಿದೆ. ಆ ಸವೆತವನ್ನು ನೀವು ಎತ್ತಿಡುವ ಹಣ ತುಂಬಿಕೊಡಬೇಕು.

ಮೊದಲು ಸಾಲ ತೀರಿಸಿ. ಊರಲ್ಲಿ ಎರಡು ರೂಪಾಯಿ ಬಡ್ಡಿ ಎಂದರೆ ಕಡಿಮೆ ಅನ್ನಿಸುತ್ತದೆ. ಅದು ತಿಂಗಳಿಗೆ ನೂರಕ್ಕೆ ಎರಡು, ವರ್ಷಕ್ಕೆ ಶೇ 24. 50,000 ಕೈಗಡಕ್ಕೆ ವರ್ಷಕ್ಕೆ 12,000 ಬಡ್ಡಿ. ಇಷ್ಟು ಆದಾಯವನ್ನು ಖಾತ್ರಿಯಾಗಿ ಕೊಡುವ ಹೂಡಿಕೆ ಎಲ್ಲೂ ಇಲ್ಲ. ಅಂಥ ಸಾಲವಿದ್ದರೆ ಈ ವರ್ಷ ಬೀಜವೆಂದು ಎತ್ತಿಡುವ ಹಣವೆಲ್ಲ ಅದಕ್ಕೇ ಹೋಗಲಿ.

ಸಾಲ ತೀರಿದ ಮೇಲೆ, ಶುರುವಿನ ದರದಲ್ಲಿ ಐದು ಎಕರೆಗೆ ಬರುವ 1,05,000ದಲ್ಲಿ 30,000 ಎತ್ತಿಡಿ, ಹಣ ಖಾತೆಗೆ ಬಂದ ದಿನವೇ. ಉಳಿದ 75,000ವನ್ನು ಹನ್ನೆರಡು ಪಾಲು ಮಾಡಿದರೆ ತಿಂಗಳಿಗೆ 6,250. ಗುತ್ತಿಗೆ ಹಣ ಒಂದು ಖಾತೆಯಲ್ಲಿರಲಿ, ಪ್ರತಿ ತಿಂಗಳ ಒಂದನೇ ತಾರೀಖು ಇಷ್ಟು ಮಾತ್ರ ಮನೆ ಖರ್ಚಿನ ಖಾತೆಗೆ ತಾನಾಗಿ ಹೋಗುವಂತೆ ಬ್ಯಾಂಕಿನಲ್ಲಿ ಬರೆದುಕೊಡಿ. ಒಟ್ಟಿಗೆ ಬಂದ ಹಣ ಒಟ್ಟಿಗೇ ಹೋಗುತ್ತದೆ. ಸಂಬಳದಂತೆ ಬಂದರೆ ಮನೆಯವರೆಲ್ಲ ಅದಕ್ಕೆ ಹೊಂದಿಕೊಳ್ಳುತ್ತಾರೆ.

30,000ವನ್ನು ಪೋಸ್ಟಾಫೀಸಿನ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಖಾತೆಗೆ ಹಾಕಬಹುದು. 15 ವರ್ಷದ ಖಾತೆ, 2020ರ ಏಪ್ರಿಲ್‌ನಿಂದ ಬಡ್ಡಿ ಶೇ 7.1. ದರ ಹೀಗೇ ಇದ್ದರೆ, ಪ್ರತಿ ವರ್ಷ ಏಪ್ರಿಲ್ ಮೊದಲ ವಾರ ಕಟ್ಟಿದ ಒಟ್ಟು ನಾಲ್ಕೂವರೆ ಲಕ್ಷ, ಕೊನೆಗೆ ಎಂಟು ಲಕ್ಷ ದಾಟುತ್ತದೆ. ಮೊದಲ ಕೆಲವು ವರ್ಷ ಹಣ ತೆಗೆಯಲು ಬಿಡುವುದಿಲ್ಲ. ಬಾಯಿ ಮೆತ್ತಿದ ವಾಡೆ ಅದು, ನನಗೆ ಇಷ್ಟವಾಗುವುದೂ ಅದಕ್ಕೇ. ಹತ್ತು ವರ್ಷದೊಳಗಿನ ಹೆಣ್ಣುಮಗು ಮನೆಯಲ್ಲಿದ್ದರೆ ಸುಕನ್ಯಾ ಸಮೃದ್ಧಿ ಇನ್ನೂ ಒಳ್ಳೆಯದು.

ಮಗನ ಮಾತಿನಲ್ಲೂ ಹುರುಳಿದೆ. ಶಿರಾ ಕಡೆಯ ಕುರಿಮಂದೆ ನೋಡಿದ್ದೀರಲ್ಲ. ಟಗರು ಮಾರಿ ಸಂಸಾರ ನಡೆಸುತ್ತಾರೆ, ಹೆಣ್ಣುಮರಿ ಉಳಿಸಿಕೊಳ್ಳುತ್ತಾರೆ. ಮರಿ ಮರಿ ಹಾಕಿ ಮಂದೆ ಬೆಳೆಯುತ್ತದೆ. ಚಕ್ರಬಡ್ಡಿ ಎಂದರೂ ಅದೇ. ರೋಗ ಬಂದ ವರ್ಷ ಅರ್ಧ ಮಂದೆ ಹೋಗುವುದೂ ಉಂಟು. ಷೇರು ಪೇಟೆಯೂ ಹಾಗೆಯೇ. 2008ರ ಜನವರಿಯಲ್ಲಿ 21,000ದ ಆಸುಪಾಸಿನಲ್ಲಿದ್ದ ಸೆನ್ಸೆಕ್ಸ್ ಅದೇ ವರ್ಷ 9,000ದ ಕೆಳಗೆ ಬಿತ್ತು, ಮತ್ತೆ ಆ ಎತ್ತರ ಮುಟ್ಟಿದ್ದು 2010ರ ಕೊನೆಗೆ. ಹೆದರಿ ಮಾರಿದವರಿಗೆ ನಷ್ಟ ಖಾಯಂ ಆಯಿತು. ಹಾಗಾಗಿ, ಪೂರ್ತಿ 30,000ವನ್ನೂ ಪಿಪಿಎಫ್‌ಗೆ ಹಾಕುವ ಬದಲು, ಬೀಜದ ಹಣದಲ್ಲಿ ಮೂರನೇ ಒಂದು ಪಾಲು, ಹತ್ತು ಸಾವಿರ, ನಿಫ್ಟಿ 50 ಇಂಡೆಕ್ಸ್ ಫಂಡಿಗೆ ಹೋಗಲಿ, ತಿಂಗಳಿಗೆ ಎಂಟುನೂರು ಚಿಲ್ಲರೆಯಂತೆ. ದೇಶದ ಐವತ್ತು ದೊಡ್ಡ ಕಂಪನಿಗಳಲ್ಲಿ ಸಣ್ಣ ಸಣ್ಣ ಪಾಲು ಸಿಗುತ್ತದೆ, ನಿರ್ವಹಣೆ ವೆಚ್ಚವೂ ಕಡಿಮೆ. ಹತ್ತು ವರ್ಷ ಮುಟ್ಟದೆ ಇರಬಲ್ಲ ಹಣ ಮಾತ್ರ ಅಲ್ಲಿರಲಿ. ವಾಟ್ಸಾಪಿನಲ್ಲಿ ಬರುವ ಷೇರಿನ ಹೆಸರುಗಳು ಬೇಡವೇ ಬೇಡ, ಮಗನಿಗೂ ಹೇಳಿ.

ಚೀಟಿ ಹಾಕಲೇಬೇಕೆಂದಿದ್ದರೆ 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾದದ್ದೇ ಎಂದು ಪತ್ರ ನೋಡಿ ಹಾಕಿ. ನಂಬಿಕೆಯ ಮೇಲೆ ನಡೆಯುತ್ತಿದ್ದ ಚೀಟಿಯೊಂದರಲ್ಲಿ ನಮ್ಮ ಚಿಕ್ಕಮ್ಮ ಮಗಳ ಮದುವೆಯ ಹಣ ಕಳೆದುಕೊಂಡಳು. ನಡೆಸುತ್ತಿದ್ದವರು ಒಂದು ಬೆಳಗ್ಗೆ ಮನೆಗೆ ಬೀಗ ಹಾಕಿ ಹೋಗಿದ್ದರು. ಆ ಬೀಗದ ಮುಂದೆ ಅವಳು ನಿಂತದ್ದನ್ನು ನಾನು ಮರೆತಿಲ್ಲ.

ಸಾಲದ ಸೈಟು ಬೇಡ. ಐದು ಎಕರೆ ನೆಲ ನಿಮಗೆ ಈಗಾಗಲೇ ಇದೆ. ಆಸ್ತಿಯೆಲ್ಲ ನೆಲದಲ್ಲೇ ಇದ್ದರೆ ಆಸ್ಪತ್ರೆಗೆ ಓಡುವ ರಾತ್ರಿ ಅದರಲ್ಲಿ ಒಂದು ಗುಂಟೆಯನ್ನೂ ಮುರಿಸಿಕೊಳ್ಳಲಾಗದು. ಅಂಥ ರಾತ್ರಿಗೆಂದು ಮೂರು ತಿಂಗಳ ಖರ್ಚು ಬ್ಯಾಂಕಿನಲ್ಲಿ ಬೇರೆಯಾಗಿ ಇರಬೇಕು. ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆಯನ್ನು ಮನೆಯ ದುಡಿಯುವವರೆಲ್ಲ ಮಾಡಿಸಲಿ.

ಇನ್ನೊಂದು ಮಾತು. ನಿಮ್ಮ ಹೊಲದಲ್ಲಿ ಕಳೆ ಕೀಳುತ್ತಿದ್ದ, ಕಾಯಿ ಬಿಡಿಸುತ್ತಿದ್ದ ಕೂಲಿಯವರಿಗೆ ಜಮೀನೂ ಇಲ್ಲ, ಗುತ್ತಿಗೆಯೂ ಬರುವುದಿಲ್ಲ. ಪೋಸ್ಟಾಫೀಸಿನಲ್ಲಿ ತಿಂಗಳಿಗೆ ನೂರು ರೂಪಾಯಿಯಿಂದ ಐದು ವರ್ಷದ ಆರ್‌ಡಿ ಕಟ್ಟಬಹುದೆಂದು ಅವರಿಗೂ ತಿಳಿಸಿ.

ಮುಂದಿನ ಗುತ್ತಿಗೆ ಹಣ ಬಂದ ದಿನ ಸಂತೆಗೆ ಹೊರಡುವ ಮೊದಲು ಆಧಾರ್, ಪ್ಯಾನ್, ಎರಡು ಫೋಟೊ ಇಟ್ಟುಕೊಂಡು ಅಂಚೆ ಕಚೇರಿಗೆ ಹೋಗಿ. ಮನೆಯಾಕೆಯನ್ನೂ ಕರೆದುಕೊಂಡು ಹೋಗಿ, ಪಾಸ್‌ಬುಕ್ ಅವರ ಕೈಯಲ್ಲಿರಲಿ.