ಸೇರಬಾರದ್ದು ಸೇರಿದಾಗ

ಔಷಧಿ, ಬಣ್ಣ, ರಾಳ, ಕೀಟನಾಶಕ ತಯಾರಿಸುವ ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳಿಗೆ ರಿಯಾಕ್ಟರ್, ಪಂಪು, ಪೈಪುಗಳ ವಿನ್ಯಾಸ ಮಾಡಿಕೊಡುವುದು, ಆಮೇಲೆ ಅವು ಸುರಕ್ಷಿತವಾಗಿ ನಡೆಯುತ್ತಿವೆಯೇ ಎಂದು ನೋಡುವುದು ನನ್ನ ಕಸುಬು. ಪೀಣ್ಯ, ನಂಜನಗೂಡು, ಬೈಕಂಪಾಡಿ, ಬೀದರ್ ಅಂತ ಕೆಲಸ ಕರೆದ ಕಡೆಗೆಲ್ಲ ಹೋಗಿದ್ದೇನೆ. ಇದರಲ್ಲೇ ತಲೆ ನರೆತ ಮೇಲೆ ನನ್ನಲ್ಲಿ ಗಟ್ಟಿಯಾಗಿ ನಿಂತ ತಿಳಿವಳಿಕೆ ಒಂದಿದೆ. ತನ್ನ ಪಾಡಿಗೆ ತಾನು ಡ್ರಮ್ಮಿನಲ್ಲಿ ಕೂತ ರಾಸಾಯನಿಕಕ್ಕಿಂತ ನಾನು ಹೆಚ್ಚು ಹೆದರುವುದು, ಸೇರಬಾರದ್ದರ ಜೊತೆ ಅದು ಸೇರುವ ದಾರಿಗಳಿಗೆ. ಆ ದಾರಿಗಳು ಬಹುಮಟ್ಟಿಗೆ ನಕ್ಷೆಯಲ್ಲಿ ಇರುವುದಿಲ್ಲ. ದಿನಾ ಕೈಯಾಡಿಸುವವರಿಗೆ ಮಾತ್ರ ಗೊತ್ತಿರುತ್ತವೆ.

ನಮ್ಮ ಕೆಲಸದಲ್ಲಿ ಹ್ಯಾಜಾಪ್ ಎಂಬ ಪದ್ಧತಿಯಿದೆ. ಬ್ರಿಟನ್ನಿನ ಐಸಿಐ ಕಂಪನಿಯಲ್ಲಿ 1960ರ ದಶಕದಲ್ಲಿ ಬೆಳೆದು ಬಂದದ್ದು. ಘಟಕದ ಪ್ರತಿ ಪೈಪು, ಪ್ರತಿ ವಾಲ್ವು ಕಾಣುವ ನಕ್ಷೆಯನ್ನು ಮೇಜಿನ ಮೇಲೆ ಹಾಸಿಕೊಂಡು, ವಿನ್ಯಾಸದವರು, ಪ್ರೊಡಕ್ಷನ್‌ನವರು, ಮೇಂಟೆನೆನ್ಸ್‌ನವರು ಎಲ್ಲ ಸುತ್ತ ಕೂರುತ್ತಾರೆ. ಒಂದೊಂದೇ ಪೈಪನ್ನು ಹಿಡಿದು ಕೇಳುತ್ತಾ ಹೋಗುತ್ತೇವೆ. ಇಲ್ಲಿ ಹರಿವು ನಿಂತರೆ? ಹೆಚ್ಚಾದರೆ? ಕಡಿಮೆಯಾದರೆ? ಹಿಂದಕ್ಕೆ ಹರಿದರೆ? ಇದರ ಜೊತೆ ಇನ್ನೇನಾದರೂ ಬಂದರೆ? ಕೇಳಲು ಮಕ್ಕಳ ಪ್ರಶ್ನೆಗಳಂತಿವೆ. ದಿನವಿಡೀ ಇದೇ ಕೇಳಿ ಕೇಳಿ ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ಜೋಂಪು ಹತ್ತುತ್ತದೆ. ಆದರೂ ಬಿಡಬಾರದು.

ಒಂದು ಕಾರ್ಖಾನೆಯಲ್ಲಿ ಹೀಗೇ ಕೂತಿದ್ದೆವು. ಆಮ್ಲದ ಹೊಗೆಯನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ತೊಳೆದು ಬಿಡುವ ಸ್ಕ್ರಬ್ಬರಿನ ಸರದಿ. ಕಾಸ್ಟಿಕ್ ಟ್ಯಾಂಕಿಗೆ ನೀರು ಬರುವ ಲೈನಿನ ಬಗ್ಗೆ 'ಹಿಂದಕ್ಕೆ ಹರಿದರೆ?' ಎಂದು ಕೇಳಿದೆ. ಲೈನು ಟ್ಯಾಂಕಿನ ಮೇಲ್ಭಾಗದಲ್ಲಿ ಮುಗಿಯುತ್ತದೆ, ಹಿಂದಕ್ಕೆ ಹರಿಯುವ ಮಾತೇ ಇಲ್ಲ ಎಂದರು ವಿನ್ಯಾಸದವರು. ನಕ್ಷೆಯಲ್ಲೂ ಹಾಗೇ ಇತ್ತು. ಬಾಗಿಲ ಹತ್ತಿರ ನಿಂತೇ ಇದ್ದ ಹಿರಿಯ ಆಪರೇಟರ್ ಒಬ್ಬರು ಸಂಕೋಚದಿಂದ ಬಾಯಿಬಿಟ್ಟರು: "ಸರ್, ರಾತ್ರಿ ಶಿಫ್ಟಲ್ಲಿ ಆ ಲೈನಿಗೆ ಪ್ರೆಷರ್ ಬರಲ್ಲ. ಕೈ ತೊಳೆಯೋ ನಲ್ಲಿಗೆ ಹೋಸ್ ಸಿಗಿಸಿ ಟ್ಯಾಂಕ್ ಒಳಗೆ ಬಿಟ್ಟುಬಿಡ್ತೀವಿ. ಹೊರಗಿದ್ರೆ ಜಾರಿ ಬೀಳುತ್ತೆ ಅಂತ ತಳದ ತನಕ ಇಳಿಸ್ತೀವಿ."

ಎದ್ದು ಹೋಗಿ ನೋಡಿದೆವು. ಹಸಿರು ಹೋಸಿನ ತುದಿ ಕಾಸ್ಟಿಕ್ಕಿನಲ್ಲಿ ಮುಳುಗಿತ್ತು, ಇನ್ನೊಂದು ತುದಿ ನಲ್ಲಿಯ ಮೂತಿಗೆ ತಂತಿಯಿಂದ ಬಿಗಿದಿತ್ತು. ಆ ನಲ್ಲಿಗೂ ಕ್ಯಾಂಟೀನಿನ ನಲ್ಲಿಗೂ ನೀರು ಬರುತ್ತಿದ್ದದ್ದು ಒಂದೇ ಓವರ್‌ಹೆಡ್ ಟ್ಯಾಂಕಿನಿಂದ. ಮೇಲಿನ ಟ್ಯಾಂಕು ಬರಿದಾಗಿ, ಕೆಳಗಿನ ಮಟ್ಟದಲ್ಲಿರುವ ಕ್ಯಾಂಟೀನಿನ ನಲ್ಲಿಯನ್ನು ಯಾರಾದರೂ ತಿರುಗಿಸಿದ್ದರೆ ಸೈಫನ್ ಹತ್ತಿ ಕಾಸ್ಟಿಕ್ ಹಿಂದಕ್ಕೆ ಹರಿಯುತ್ತಿತ್ತು. ಕುಡಿಯುವ ಲೋಟಕ್ಕೆ. ಅಲ್ಲಿನ ಮ್ಯಾನೇಜರು ಅವತ್ತೇ ಹೋಸ್ ತೆಗೆಸಿದರು. ಸ್ಕ್ರಬ್ಬರಿಗೆಂದೇ ಬೇರೆ ನೀರಿನ ಟ್ಯಾಂಕು ಇಡಿಸಿದರು.

ಅಂದಿನಿಂದ ಹ್ಯಾಜಾಪ್ ಸಭೆಗಳನ್ನು ನಾನು ಕನ್ನಡದಲ್ಲಿ ಮತ್ತು ಹಿಂದಿಯಲ್ಲೇ ನಡೆಸುತ್ತೇನೆ. ಇಂಗ್ಲಿಷಿನಲ್ಲಿ ನಡೆಸಿದರೆ ನಕ್ಷೆ ಬಲ್ಲವರು ಮಾತಾಡುತ್ತಾರೆ, ಪ್ಲಾಂಟು ಬಲ್ಲವರು ಸುಮ್ಮನಿರುತ್ತಾರೆ. ರಾತ್ರಿ ಶಿಫ್ಟಿನ ಆಪರೇಟರ್ ಒಬ್ಬರಾದರೂ ಬಾಗಿಲ ಬಳಿ ಬಿಟ್ಟು ಮೇಜಿನ ಸುತ್ತ ಕೂತಿರಬೇಕೆಂಬುದು ನನ್ನ ಹಟ. ಸಭೆಗೆ ಮುಂಚೆ ಘಟಕವನ್ನು ಒಂದು ಸುತ್ತು ಹಾಕಿ, ಎಲ್ಲೆಲ್ಲಿ ಹೋಸ್ ಬಿದ್ದಿದೆ ಎಂದು ನೋಡಿಕೊಂಡು ಬರುತ್ತೇನೆ. ಪೈಪನ್ನು ಎಂಜಿನಿಯರ್ ಯೋಚಿಸಿ ಹಾಕಿಸಿರುತ್ತಾನೆ. ಹೋಸನ್ನು ಅವಸರ ಹಾಕಿರುತ್ತದೆ.

ಎರಡು ವಸ್ತುಗಳು ಸೇರಲೇಬೇಕಾದ ಜಾಗ ರಿಯಾಕ್ಟರ್. ಅಲ್ಲಿ ಪ್ರಶ್ನೆ ಎಷ್ಟು ಬೇಗ ಸೇರುತ್ತವೆ ಎಂಬುದು. ಬಹಳಷ್ಟು ರಿಯಾಕ್ಷನ್‌ಗಳು ಶಾಖ ಬಿಡುತ್ತವೆ. ಲ್ಯಾಬಿನ 2 ಲೀಟರ್ ಫ್ಲಾಸ್ಕಿನಲ್ಲಿ ಆ ಶಾಖ ಗಾಜಿನ ಗೋಡೆಯಿಂದಲೇ ಹೊರಟುಹೋಗುತ್ತದೆ. ಅದನ್ನೇ 2,000 ಲೀಟರಿನ ರಿಯಾಕ್ಟರಿಗೆ ಒಯ್ದಾಗ ಒಳಗಿನ ಸರಕು 1,000 ಪಟ್ಟಾಗುತ್ತದೆ, ಶಾಖ ಹೊರಹೋಗುವ ಗೋಡೆ ಮಾತ್ರ 100 ಪಟ್ಟು. ಲೀಟರೊಂದಕ್ಕೆ ಸಿಗುವ ಗೋಡೆ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ಇನ್ನೊಂದು ಕಡೆ, ಉಷ್ಣಾಂಶ 10 ಡಿಗ್ರಿ ಏರಿದರೆ ರಿಯಾಕ್ಷನ್ನಿನ ವೇಗ ಸುಮಾರಾಗಿ ಇಮ್ಮಡಿಯಾಗುತ್ತದೆ. ಶಾಖ ಹುಟ್ಟುವುದು ಮಡಿಮಡಿಯಾಗಿ, ಹೊರಹೋಗುವುದು ಒಂದೇ ಅಳತೆಯಲ್ಲಿ. ಒಂದು ಹಂತ ದಾಟಿದರೆ ಹಿಡಿಯಲು ಆಗುವುದಿಲ್ಲ. 'ಲ್ಯಾಬಲ್ಲಿ ಏನೂ ಆಗಿರಲಿಲ್ಲ' ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನಾನು ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ.

ಅದಕ್ಕೇ ಒಂದು ಪದಾರ್ಥವನ್ನು ರಿಯಾಕ್ಟರಿನಲ್ಲಿಟ್ಟು, ಇನ್ನೊಂದನ್ನು ಗಂಟೆಗಟ್ಟಲೆ ನಿಧಾನವಾಗಿ ಬಿಡುತ್ತಾರೆ. ಬಿದ್ದದ್ದು ಬಿದ್ದ ಹಾಗೆ ಬೆರೆತು ಮುಗಿಯಬೇಕು. ಬೆರೆಸುವುದು ಸ್ಟಿರರ್. ಕರೆಂಟ್ ಹೋಗಿ ಸ್ಟಿರರ್ ನಿಂತರೆ? ಒಂದು ಘಟಕದಲ್ಲಿ ಈ ಪ್ರಶ್ನೆಗೆ 'ಜನರೇಟರ್ ಇದೆ' ಎಂಬ ಉತ್ತರ ತಕ್ಷಣ ಬಂತು. ಬರೀ ನೀರು ತುಂಬಿ ಒಂದು ಸುಳ್ಳು ಬ್ಯಾಚ್ ನಡೆಸಿ, ಮಧ್ಯದಲ್ಲಿ ಮೇನ್ ಆಫ್ ಮಾಡಿ ನೋಡೋಣ ಎಂದೆ. ಜನರೇಟರ್ ಹೊತ್ತಿಕೊಂಡಿತು, ದೀಪ ಬಂತು, ಡೋಸಿಂಗ್ ಪಂಪು ತಾನೇ ಓಡತೊಡಗಿತು. ಸ್ಟಿರರಿನ ಸ್ಟಾರ್ಟರನ್ನು ಮಾತ್ರ ಯಾರಾದರೂ ಕೆಳಗೆ ಹೋಗಿ ಕೈಯಿಂದ ರಿಸೆಟ್ ಮಾಡಬೇಕಿತ್ತು. ಅಷ್ಟು ಹೊತ್ತೂ ನಿಂತ ದ್ರವದ ಮೇಲೆ ಸುರಿಯುತ್ತಲೇ ಇತ್ತು. ನಿಜದ ಬ್ಯಾಚಿನಲ್ಲಿ ಅದೆಲ್ಲ ಬೆರೆಯದೆ ಒಂದು ಪದರವಾಗಿ ನಿಂತು ಕಾಯುತ್ತಿರುತ್ತದೆ. ಆಪರೇಟರ್ ಓಡಿಬಂದು, ಒಳ್ಳೆಯ ಮನಸ್ಸಿನಿಂದಲೇ, ಸ್ಟಿರರಿನ ಹಸಿರು ಬಟನ್ ಒತ್ತುತ್ತಾನೆ. ತಾಸು ಹೊತ್ತಿನಲ್ಲಿ ಹೊರಬರಬೇಕಿದ್ದ ಶಾಖ ಕೆಲವೇ ನಿಮಿಷದಲ್ಲಿ ಹೊರಬರುತ್ತದೆ.

ಅಲ್ಲಿ ಮಾಡಿದ ಬದಲಾವಣೆ ದೊಡ್ಡದೇನಲ್ಲ. ಸ್ಟಿರರ್ ನಿಂತರೆ ಡೋಸಿಂಗ್ ವಾಲ್ವ್ ತಾನಾಗಿ ಮುಚ್ಚುವಂತೆ ಇಂಟರ್‌ಲಾಕ್ ಹಾಕಿಸಿದೆವು. ಸ್ಟಾರ್ಟರಿನ ಮೇಲೆ ಕನ್ನಡದಲ್ಲಿ, ಹಿಂದಿಯಲ್ಲಿ ಬರೆಸಿದೆವು: ನಿಂತ ಸ್ಟಿರರನ್ನು ಕೆಮಿಸ್ಟ್ ಹೇಳದೆ ಚಾಲೂ ಮಾಡಬೇಡಿ, ಕೂಲಿಂಗ್ ನಿಲ್ಲಿಸಬೇಡಿ. ಕರೆಂಟ್ ಹೋಗಿ ಬರುವುದು ದಿನನಿತ್ಯದ ಮಾತಾದ ನಮ್ಮಲ್ಲಿ ಈ ಎರಡು ಸಾಲಿಗೆ ಇರುವಷ್ಟು ಬೆಲೆ ದಪ್ಪ ದಪ್ಪ ಸುರಕ್ಷತಾ ಕೈಪಿಡಿಗಳಿಗೆ ಇಲ್ಲವೆಂದೇ ನನ್ನ ನಂಬಿಕೆ.

ಕೆಲಸ ನಿಂತ ಕಾರ್ಖಾನೆ ಕ್ಷೇಮ ಎಂದುಕೊಳ್ಳುವಂತೆಯೂ ಇಲ್ಲ. 2020ರ ಮೇ 7ರ ಬೆಳಗಿನ ಜಾವ ವಿಶಾಖಪಟ್ಟಣದಲ್ಲಿ ಸ್ಟೈರೀನ್ ಆವಿ ಊರಿಗೆ ನುಗ್ಗಿದ್ದು ಲಾಕ್‌ಡೌನ್‌ನಲ್ಲಿ ಸುಮ್ಮನೆ ನಿಂತಿದ್ದ ಟ್ಯಾಂಕಿನಿಂದ. ಸ್ಟೈರೀನನ್ನು ತಣ್ಣಗಿಡಬೇಕು, ತನ್ನಲ್ಲೇ ತಾನು ಕೂಡಿ ಗಟ್ಟಿಯಾಗದಂತೆ ಅದಕ್ಕೊಂದು ತಡೆವಸ್ತು ಬೆರೆಸಿರಬೇಕು. ಎರಡೂ ಸಾಲದಾದಾಗ ಟ್ಯಾಂಕು ತಾನೇ ಕಾದು ಕುದಿಯಿತು. ಇನ್ನು ಭೋಪಾಲ್. 1984ರ ಡಿಸೆಂಬರ್ 2ರ ರಾತ್ರಿ 610ನೇ ಸಂಖ್ಯೆಯ ಟ್ಯಾಂಕಿನಲ್ಲಿದ್ದ ಸುಮಾರು 40 ಟನ್ ಮೀಥೈಲ್ ಐಸೋಸಯನೇಟಿಗೆ ನೀರು ಸೇರಿತು. ಹೇಗೆ ಸೇರಿತು ಎಂಬ ವಾದ ಇದ್ದದ್ದೇ. ಟ್ಯಾಂಕನ್ನು ತಣ್ಣಗಿಡುವ ಯಂತ್ರ ತಿಂಗಳುಗಳಿಂದ ನಿಂತಿತ್ತು, ಅನಿಲವನ್ನು ಸುಡುವ ಕೊಳವೆಯ ಪೈಪನ್ನು ರಿಪೇರಿಗೆ ಬಿಚ್ಚಿಟ್ಟಿದ್ದರು ಎಂಬುದರಲ್ಲಿ ವಾದವಿಲ್ಲ. ಸುತ್ತಲ ಬಡಾವಣೆಗಳಲ್ಲಿ ಮಲಗಿದ್ದವರಿಗೆ ಪಕ್ಕದಲ್ಲಿರುವುದು ಏನು, ಅದು ಸೋರಿದರೆ ಯಾವ ಕಡೆ ಓಡಬೇಕು ಎಂದು ಯಾರೂ ಹೇಳಿರಲಿಲ್ಲ. ಅದಾದ ಮೇಲೆಯೇ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಬಂದು, ಅಪಾಯದ ಮಾಹಿತಿಯನ್ನು ಕಾರ್ಮಿಕರಿಗೂ ನೆರೆಹೊರೆಯವರಿಗೂ ಕೊಡಲೇಬೇಕು ಎಂದಾಯಿತು. ಮಾಹಿತಿ ಕೊಡುತ್ತಾರೆ, ಹೌದು. 16 ಭಾಗಗಳ ಸುರಕ್ಷತಾ ಹಾಳೆ, ಇಂಗ್ಲಿಷಿನಲ್ಲಿ, ಆಫೀಸಿನ ಕಪಾಟಿನೊಳಗೆ. ಬಿಹಾರದಿಂದ, ಒಡಿಶಾದಿಂದ, ಯಾದಗಿರಿಯಿಂದ ಬಂದು ಡ್ರಮ್ಮು ಉರುಳಿಸುವ ಹುಡುಗ ಅದನ್ನು ಓದುವುದು ಎಲ್ಲಿಂದ? ಇದನ್ನು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಮನೆಗಳಲ್ಲಿ ಆ ಹಾಳೆಯೂ ಇರುವುದಿಲ್ಲ. ಹಬ್ಬದ ಮುಂಚೆ ಅಕ್ಕನ ಮನೆಗೆ ಹೋಗಿದ್ದೆ. ಕೆಲಸದಾಕೆ ಬಾತ್‌ರೂಮ್ ತಿಕ್ಕುತ್ತಿದ್ದವರು ಒಂದೇ ಸಮ ಕೆಮ್ಮತೊಡಗಿದರು. ಹೋದರೆ ಈಜುಕೊಳದ ವಾಸನೆ, ಅದರ ಹತ್ತು ಪಟ್ಟು. ನೆಲದ ಕಲೆಗೆ ಆಸಿಡ್ ಸುರಿದು, ಕಲೆ ಹೋಗಲಿಲ್ಲವೆಂದು ಮೇಲೆ ಬ್ಲೀಚಿಂಗ್ ಪೌಡರ್ ಉದುರಿಸಿದ್ದರು. ಅವೆರಡು ಸೇರಿದರೆ ಹುಟ್ಟುವುದು ಕ್ಲೋರಿನ್ ಅನಿಲ. ಗಾಳಿಗಿಂತ ಎರಡೂವರೆ ಪಟ್ಟು ಭಾರ, ನೆಲದಲ್ಲೇ ಮಡುಗಟ್ಟುತ್ತದೆ. ಕುಕ್ಕರುಗಾಲಲ್ಲಿ ಕೂತು ತಿಕ್ಕುವವರ ಮೂಗು ಇರುವುದೂ ಅಲ್ಲೇ. ತೋಳು ಹಿಡಿದು ಹೊರಗೆ ಕರೆತಂದು ಅಂಗಳದಲ್ಲಿ ಕೂರಿಸಿದೆವು. "ಏನಿಲ್ಲಣ್ಣ, ಈಗ ಸರಿಹೋಯ್ತು, ಮುಗಿಸಿಬಿಡ್ತೀನಿ" ಎಂದು ಏಳಲು ನೋಡಿದರು. ಅಕ್ಕ ಬಿಡಲಿಲ್ಲ, ಆಸ್ಪತ್ರೆಗೆ ಕರೆದುಕೊಂಡು ಹೋದಳು. ಕ್ಲೋರಿನ್ ಹೆಚ್ಚು ಕುಡಿದ ಶ್ವಾಸಕೋಶದಲ್ಲಿ ಗಂಟೆಗಳು ಕಳೆದ ಮೇಲೂ ನೀರು ತುಂಬಬಹುದು. ಕೆಮ್ಮು ನಿಂತಿತೆಂದು ಸುಮ್ಮನಾಗಬಾರದು.

ಅಕ್ಕನ ಮನೆಯ ಬಚ್ಚಲ ಗೂಡಿನಲ್ಲಿ ಆಸಿಡ್ ಬಾಟಲಿಯೂ ಬ್ಲೀಚಿಂಗ್ ಡಬ್ಬಿಯೂ ಅಕ್ಕಪಕ್ಕ ಕೂತಿದ್ದವು. ಅಮೋನಿಯಾ ಇರುವ ಗಾಜು ಒರೆಸುವ ದ್ರವವೂ ಅಲ್ಲೇ. ಅದು ಬ್ಲೀಚಿಗೆ ಸೇರಿದರೆ ಬೇರೊಂದು ವಿಷಾನಿಲ. ಕಾರ್ಖಾನೆಯಲ್ಲಿ ಇವನ್ನು ಒಂದೇ ಕಟ್ಟೆಯೊಳಗೆ ಇಟ್ಟದ್ದು ಕಂಡರೆ ಕೆಲಸ ನಿಲ್ಲಿಸಿ ಎನ್ನುತ್ತೇನೆ. ಮೂರನ್ನೂ ಮೂರು ಕಡೆ ಇಡಿಸಿ ಬಂದೆ. ಗಾಡಿಯಲ್ಲಿ ಬರುವ 'ಫಿನಾಯಿಲ್, ಆಸಿಡ್' ಎಂದು ಕೂಗುವವರಿಂದ ನೀರಿನ ಬಾಟಲಿಯಲ್ಲಿ ತುಂಬಿಸಿಕೊಳ್ಳುವುದನ್ನಂತೂ ಬಿಡಲೇಬೇಕು. ಬಾಯಾರಿದ ಮಗು ಬಾಟಲಿಯನ್ನು ಆಕಾರದಿಂದ ಗುರುತಿಸುತ್ತದೆ. ಕುಡಿದುಬಿಟ್ಟರೆ ವಾಂತಿ ಮಾಡಿಸಬಾರದು, ಇಳಿಯುವಾಗ ಸುಟ್ಟದ್ದು ಏರುವಾಗಲೂ ಸುಡುತ್ತದೆ. ಬಾಟಲಿಯ ಸಮೇತ ಆಸ್ಪತ್ರೆಗೆ ಓಡಬೇಕು.

ಎಲೆಅಡಿಕೆಯ ಸುಣ್ಣವನ್ನು ನಾವು ಯಾರೂ ರಾಸಾಯನಿಕ ಎನ್ನುವುದೇ ಇಲ್ಲ. ಪ್ಲಾಸ್ಟಿಕ್ ಪೊಟ್ಟಣದ ಸುಣ್ಣವನ್ನು ಮಕ್ಕಳು ಹಿಸುಕಿ ಆಡುವಾಗ ಅದು ಒಡೆದು ಕಣ್ಣಿಗೆ ಹಾರುತ್ತದೆ. ಕ್ಷಾರ ಆಮ್ಲಕ್ಕಿಂತ ಆಳಕ್ಕೆ ಇಳಿಯುತ್ತದೆ, ಸುಣ್ಣದ ಹರಳು ರೆಪ್ಪೆಯ ಒಳಮಡಿಕೆಯಲ್ಲಿ ಸಿಕ್ಕಿಕೊಂಡು ಸುಡುತ್ತಲೇ ಇರುತ್ತದೆ. ಎಣ್ಣೆ, ತುಪ್ಪ, ಎದೆಹಾಲು ಎಂದು ಹುಡುಕುತ್ತಾ ನಿಲ್ಲುವ ಹೊತ್ತಲ್ಲ ಅದು. ಹರಿಯುವ ಶುದ್ಧ ನೀರಿನಲ್ಲಿ ಕನಿಷ್ಠ 15 ನಿಮಿಷ ಕಣ್ಣು ತೊಳೆದು, ಆಮೇಲೆ ಕಣ್ಣಿನ ಡಾಕ್ಟರ ಬಳಿ ಹೋಗಬೇಕು. ಕಾರ್ಖಾನೆಯಲ್ಲಿ ಕಾಸ್ಟಿಕ್ ಸಿಡಿದರೂ ನಾವು ಮೊದಲು ಮಾಡುವುದು ಇಷ್ಟನ್ನೇ.

ತೀರ್ಥಹಳ್ಳಿ ಕಡೆಯ ನಮ್ಮ ತೋಟದಲ್ಲಿ ಚಿಕ್ಕಪ್ಪ ಅಡಿಕೆಗೆ ಕೊಳೆ ಔಷಧಿ ಹೊಡೆಸುವ ಸಮಯದಲ್ಲಿ ಹೋಗಿ ನಿಂತರೆ, ರಾಸಾಯನಿಕದ ಶಿಸ್ತು ನಮ್ಮ ಜನಕ್ಕೆ ಹೊಸದಲ್ಲ ಎಂಬುದು ಕಾಣುತ್ತದೆ. 100 ಲೀಟರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಕಬ್ಬಿಣದ ಪಾತ್ರೆ ಕೂಡದು. ಎರಡನ್ನೂ ಬೇರೆ ಬೇರೆ ಕದಡಿ, ಸುಣ್ಣದ ನೀರಿಗೆ ತುತ್ತದ ನೀರನ್ನು ತಿರುವುತ್ತಾ ಬಿಡಬೇಕು. ಕೊನೆಗೆ ಹೊಳೆಯುವ ಚಾಕುವನ್ನು ಅದ್ದಿ ತೆಗೆದು ನೋಡುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಹುಳಿ ಉಳಿದಿದೆ ಎಂದು ಇನ್ನಷ್ಟು ಸುಣ್ಣ. ಯಾವುದರೊಳಗೆ ಯಾವುದನ್ನು, ಎಷ್ಟು, ಸರಿಯಾಯಿತೆಂದು ತಿಳಿಯುವುದು ಹೇಗೆ, ಎಲ್ಲ ಉತ್ತರವೂ ಚಿಕ್ಕಪ್ಪನ ಬಾಯಲ್ಲಿದೆ.

ಅದೇ ತೋಟದಲ್ಲಿ ಕೀಟನಾಶಕ ಬೆರೆಸುವ ಡ್ರಮ್ಮಿಗೆ ಬೋರಿನ ಪೈಪನ್ನು ತಳದವರೆಗೆ ಇಳಿಸಿ ನೀರು ಬಿಟ್ಟಿದ್ದರು. ಪೈಪು ಹೊರಗೆ ಹಾರದಿರಲಿ ಎಂದು. ನನಗೆ ಆ ಹಸಿರು ಹೋಸೇ ಕಣ್ಣಮುಂದೆ ಬಂತು. ಮೋಟರಿನ ಕರೆಂಟ್ ಹೋದರೆ ಪೈಪಿನಲ್ಲಿರುವ ನೀರು ಬಾವಿಗೆ ಇಳಿಯುತ್ತದೆ, ಹಿಂದೆಯೇ ಡ್ರಮ್ಮಿನಲ್ಲಿರುವುದನ್ನೂ ಎಳೆದುಕೊಂಡು ಹೋಗುತ್ತದೆ. ಮನೆಯವರೆಲ್ಲ ಕುಡಿಯುವುದು ಅದೇ ಬೋರಿನ ನೀರು. "ಹೌದಲ್ಲೋ, ಕರೆಂಟ್ ಹೋದಾಗ ಪೈಪು ಗೊರಗೊರ ಅಂತ ಎಳೀತದೆ" ಎಂದರು ಚಿಕ್ಕಪ್ಪ. ಮಾರನೆಯ ದಿನ ಪೇಟೆಯ ಪಂಪ್‌ಸೆಟ್ ಅಂಗಡಿಯಿಂದ ಎನ್‌ಆರ್‌ವಿ ತಂದು ಹಾಕಿದೆವು. ನೀರನ್ನು ಹಿಂದಕ್ಕೆ ಹರಿಯಲು ಬಿಡದ ವಾಲ್ವು ಅದು. ಮೈಮೇಲಿನ ಬಾಣದ ಗುರುತು ನೀರು ಹರಿಯುವ ಕಡೆಗೆ ಮುಖ ಮಾಡಿರಬೇಕು. ಒಳಗಿನ ಬಾಗಿಲಿಗೆ ಮರಳು ಸಿಕ್ಕಿಕೊಂಡರೆ ಅದೂ ಸೋರುತ್ತದೆ, ಹಾಗಾಗಿ ಪೈಪಿನ ತುದಿಯನ್ನು ಡ್ರಮ್ಮಿನ ಬಾಯಿಗಿಂತ ಒಂದು ಗೇಣು ಮೇಲೆ ನಿಲ್ಲುವಂತೆ ಗೂಟಕ್ಕೆ ಕಟ್ಟಿದೆವು. ನೀರು ಸ್ವಲ್ಪ ಸಿಡಿಯುತ್ತದೆ, ಸಿಡಿಯಲಿ. ಔಷಧಿಯನ್ನು ಡ್ರಮ್ಮು ತುಂಬಿ ಪೈಪು ತೆಗೆದ ಮೇಲೆ ಹಾಕಿದರಾಯಿತು.