ಅರ್ತ್ ಹಿಡಿದರೆ ಅರ್ಧ ಕೆಲಸ

ನಮ್ಮ ಹಳೆಯ ಕಾರಿನ ಎ.ಸಿ. ಕೂಲಿಂಗ್ ಕಾಯಿಲ್ ಸೋರುತ್ತಿತ್ತು. ಅದಿರುವುದು ಡ್ಯಾಶ್‌ಬೋರ್ಡಿನ ಹಿಂದೆ. ಗ್ಯಾಸಿನ ಕೆಲಸವನ್ನು ಸಾಗರದ ಮೆಕ್ಯಾನಿಕ್‌ಗೆ ಬಿಟ್ಟು, ಬಿಚ್ಚಿ ಜೋಡಿಸುವುದನ್ನೆಲ್ಲ ಮನೆಯ ಶೆಡ್ಡಿನಲ್ಲಿ ನಾನೇ ಮಾಡಿದೆ. ಪ್ರತಿ ಕಪ್ಲರಿಗೂ ಚೀಟಿ ಅಂಟಿಸಿ ಫೋಟೊ ತೆಗೆದಿದ್ದರಿಂದ ಜೋಡಣೆ ಸಲೀಸಾಯಿತು. ಏರ್‌ಬ್ಯಾಗಿನ ಹಳದಿ ಕಪ್ಲರ್ ಮುಟ್ಟಿದ್ದು ಮಾತ್ರ ಬ್ಯಾಟರಿಯ ನೆಗೆಟಿವ್ ಕಳಚಿ ಸಾಕಷ್ಟು ಹೊತ್ತು ಬಿಟ್ಟ ಮೇಲೆಯೇ. ಆ ವೈರಿಗೆ ಮಲ್ಟಿಮೀಟರಿನ ಓಮ್ ಹಚ್ಚಲೇಬಾರದು. ಮೀಟರಿನಿಂದ ಹರಿಯುವ ಅಲ್ಪ ಕರೆಂಟೂ ಅಲ್ಲಿ ಅಪಾಯವೇ.

ಕಾರು ರಸ್ತೆಗಿಳಿದ ಮೇಲೆ ಕಾಟ ಶುರುವಾಯಿತು. ಇಂಡಿಕೇಟರ್ ಹಾಕಿದರೆ ಪೆಟ್ರೋಲ್ ಮುಳ್ಳು ಅದರ ತಾಳಕ್ಕೆ ಕುಣಿಯುತ್ತಿತ್ತು. ಹೆಡ್‌ಲೈಟ್ ಹಾಕಿದರೆ ಮೀಟರಿನ ದೀಪ ಮಂಕು, ವೈಪರ್ ನಿಧಾನ. ಬೇರೆ ಊರಾಗಿದ್ದರೆ ಸಹಿಸಿಕೊಳ್ಳಬಹುದಿತ್ತೇನೋ. ಜುಲೈ ಮಳೆಯಲ್ಲಿ ಹೊಸನಗರ ದಾಟಿ ಹುಲಿಕಲ್ ಘಾಟಿಯಲ್ಲೋ, ತೀರ್ಥಹಳ್ಳಿಯಿಂದ ಹೋಗಿ ಆಗುಂಬೆಯ ತಿರುವಿನಲ್ಲೋ ವೈಪರ್ ಕೈಕೊಟ್ಟರೆ ಎದುರಿಗೆ ಬರುವ ಬಸ್ಸೂ ಕಾಣುವುದಿಲ್ಲ.

ಪರಿಚಯದವರು ಮೀಟರ್ ಬದಲಿಸು, ಫ್ಲಾಷರ್ ಬದಲಿಸು ಎಂದರು. ನನಗೆ ಹಾಗನ್ನಿಸಲಿಲ್ಲ. ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕು ಸಾಮಾನು ಒಟ್ಟಿಗೇ ಕೆಟ್ಟವೆಂದರೆ ಅವೆಲ್ಲ ಸೇರುವ ಜಾಗವನ್ನು ನೋಡಬೇಕು, ಅಂದರೆ ಅರ್ತ್. ತೋಟದ ಬಸಿಗಾಲುವೆ ಕಟ್ಟಿಕೊಂಡರೆ ನೀರು ಪಕ್ಕದ ಸಾಲಿಗೆ ನುಗ್ಗುವ ಹಾಗೆ, ಕಾರಿನ ಬಾಡಿಯೊಳಗೆ ಇಳಿಯಲಾಗದ ಕರೆಂಟು ಬೇರೆ ಬಲ್ಬು, ಬೇರೆ ಮುಳ್ಳುಗಳ ಮೂಲಕ ದಾರಿ ಹುಡುಕುತ್ತದೆ.

ಚಾಲಕನ ಬಲಗಾಲಿನ ಪಕ್ಕ, ಪ್ಲಾಸ್ಟಿಕ್ ಮುಚ್ಚಳದ ಒಳಗೆ ಅರ್ತ್ ಬೋಲ್ಟ್ ಇದೆ. ಮಲ್ಟಿಮೀಟರಿನ ಬೀಪ್ ಪರೀಕ್ಷೆಯಲ್ಲಿ ಅದು ಪಾಸಾಗಿತ್ತು. ಆದರೆ ಬೀಪನ್ನು ನಂಬುವ ಹಾಗಿಲ್ಲ: ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ, ಹೆಡ್‌ಲೈಟಿನ ಕರೆಂಟನ್ನು ಆ ಎಳೆ ಹೊರಲಾರದು. ಲೋಡ್ ಕೊಟ್ಟೇ ಅಳೆಯಬೇಕು. ಹೆಡ್‌ಲೈಟ್, ಬ್ಲೋವರ್ ಹಾಕಿ, ಡಿ.ಸಿ. ವೋಲ್ಟ್‌ನಲ್ಲಿ ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಕೆಂಪನ್ನು ಅರ್ತ್ ವೈರಿನ ತುದಿಗೂ ಇಟ್ಟೆ. 0.1 ವೋಲ್ಟಿನ ಆಸುಪಾಸು ಇರಬೇಕಾದ್ದು 1.3 ತೋರಿಸಿತು.

ಬೋಲ್ಟ್ ಬಿಚ್ಚಿದರೆ ವೈರಿನ ತುದಿಯ ಬಳೆಯ ಕೆಳಗೆ ಕೆಂಪು ತುಕ್ಕು, ತಾಮ್ರದ ಎಳೆಗಳ ಮೇಲೆ ಹಸಿರು ಕಿಲುಬು. ಅರ್ಧ ಎಳೆಗಳು ಮುರಿದಿದ್ದವು. ಮಲೆನಾಡಿನಲ್ಲಿ ಒದ್ದೆ ಚಪ್ಪಲಿಯ ನೀರು ಮ್ಯಾಟಿನಡಿ ಇಳಿದರೆ ತಿಂಗಳುಗಟ್ಟಲೆ ಆರುವುದಿಲ್ಲ. ವರ್ಷಗಳ ಆ ತೇವಕ್ಕೆ ಸೊರಗಿದ್ದ ವೈರು, ಡ್ಯಾಶ್‌ಬೋರ್ಡ್ ಎಳೆದಾಡಿದಾಗ ಸೋತಿತ್ತು. ಕಿಲುಬಿಲ್ಲದ ತಾಮ್ರ ಸಿಗುವವರೆಗೆ ಕತ್ತರಿಸಿ ಹೊಸ ಬಳೆ ಹಾಕಿದೆ. ಬಾಡಿಯನ್ನು ಹೊಳೆಯುವ ತಗಡು ಕಾಣುವಂತೆ ಉಪ್ಪುಕಾಗದದಲ್ಲಿ ಉಜ್ಜಿ, ಹಲ್ಲಿನ ವಾಷರ್ ಇಟ್ಟು ಬಿಗಿದೆ. ವ್ಯಾಸಲೀನ್ ಬಳಿದದ್ದು ಬಿಗಿದ ನಂತರ, ಮೇಲಿನಿಂದ. ಈಗ 0.05. ಮುಳ್ಳಿನ ಕುಣಿತ ನಿಂತಿತು, ವೈಪರಿಗೆ ಜೀವ ಬಂತು.

ಬ್ಯಾಟರಿ ಮಾತ್ರ ರಾತ್ರಿ ಕಳೆದರೆ ಇಳಿಯುತ್ತಿತ್ತು. ಕಾರು ಲಾಕ್ ಮಾಡಿ, ನೆಗೆಟಿವ್ ಕಡೆ ಮೀಟರನ್ನು 10 ಆಂಪಿಯರಿನಲ್ಲಿ ಸೀರೀಸ್ ಹಾಕಿದೆ. (ಹಾಗಿರುವಾಗ ಸ್ಟಾರ್ಟ್ ಮಾಡಿದರೆ ಮೀಟರ್ ಸುಟ್ಟುಹೋಗುತ್ತದೆ.) ಸಾಮಾನ್ಯವಾಗಿ 50 ಮಿಲಿಆಂಪಿಯರಿನೊಳಗೆ ಇರಬೇಕಾದ್ದು ಇಲ್ಲಿ 400 ದಾಟಿತ್ತು. ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತ ಹೋದಾಗ ಒಳದೀಪದ ಫ್ಯೂಸಿಗೆ ಅಂಕಿ ಇಳಿಯಿತು. ಗ್ಲೋವ್‌ಬಾಕ್ಸಿನ ಬಾಗಿಲು ಸ್ವಲ್ಪ ಸರಿದು ಕೂತಿದ್ದರಿಂದ ಸ್ವಿಚ್ಚು ಒತ್ತಿಕೊಳ್ಳದೆ, ಮುಚ್ಚಿದ ಪೆಟ್ಟಿಗೆಯೊಳಗೆ 5 ವ್ಯಾಟಿನ ಬಲ್ಬು ಇಡೀ ರಾತ್ರಿ ಉರಿಯುತ್ತಿತ್ತು. ಎರಡು ಸ್ಕ್ರೂ ಸಡಿಲಿಸಿ ಬಾಗಿಲನ್ನು ಎಡಕ್ಕೆ ಜರುಗಿಸಿದ್ದಕ್ಕೆ ಸರಿಹೋಯಿತು.